ಬುಟ್ಟಿಯಲ್ಲಿ ಕುಳಿತು ಶಾಸನ ಓದಿದ ಸರ್ ಸೈಯದ್

ಸರ್ ಸೈಯದ್ ಅಹ್ಮದ್ ಖಾನ್ ಎಂದೊಡನೆ ನಮಗೆಲ್ಲ ನೆನಪಾಗುವುದು ಅಲೀಗಢ. ಆದರೆ ವಿದ್ಯಾಸಂಸ್ಥೆ ಕಟ್ಟುವುದಕ್ಕೆ ಬಹಳ ಮೊದಲೇ ಅವರು ಮಾಡಿದ ಇನ್ನೊಂದು ಮಹತ್ಕಾರ್ಯವನ್ನೂ ನೀವು ತಿಳಿದಿರಬೇಕು.

1817ರ ಅಕ್ಟೋಬರ್ 17ರಂದು ದೆಹಲಿಯಲ್ಲಿ ಜನಿಸಿದ ಸರ್ ಸೈಯದ್, 1846ರಲ್ಲಿ ಮುನ್ಸೀಫರಾಗಿ ಹುಟ್ಟೂರಿಗೆ ಮರಳಿದರು. ರಜೆ ಬಂತೆಂದರೆ ಮಿತ್ರ ಇಮಾಮ್ ಬಖ್ಷ್ ಸಹಬಾಯಿ ಅವರೊಡನೆ ಊರಾಚೆಗೆ ಹೊರಡುತ್ತಿದ್ದರು. ಪಾಳುಬಿದ್ದ ಮಸೀದಿ, ಗೋರಿ, ಕೋಟೆಗಳನ್ನು ಅಳೆದು, ಅವುಗಳ ಮೇಲಿನ ಶಾಸನಗಳನ್ನು ನಕಲು ಮಾಡುತ್ತಿದ್ದರು.

ಕುತುಬ್ ಮಿನಾರಿನ ಎತ್ತರ ಸುಮಾರು 72 ಮೀಟರ್. ಮೇಲಿನ ಬರಹಗಳು ನೆಲದಿಂದ ಕಾಣವು. ಸರ್ ಸೈಯದರು ಎತ್ತರದ ಕಂಬಗಳನ್ನು ನಿಲ್ಲಿಸಿ, ಅವುಗಳಿಗೆ ತೂಗುಬಿಟ್ಟ ಬುಟ್ಟಿಯಲ್ಲಿ ಕುಳಿತು ಅವನ್ನು ಓದಿ ಬರೆದುಕೊಂಡರು. ಕೆಳಗೆ ನಿಂತ ಸಹಬಾಯಿಯವರು ಭಯದಿಂದ ಬಿಳಿಚಿಕೊಳ್ಳುತ್ತಿದ್ದರೆಂದು ಜೀವನಚರಿತ್ರೆಕಾರ ಅಲ್ತಾಫ್ ಹುಸೇನ್ ಹಾಲಿ ದಾಖಲಿಸಿದ್ದಾರೆ. ಆ ಕಲ್ಲುಗಳಲ್ಲಿ ಕುರ್‌ಆನಿನ ಆಯತ್‌ಗಳೂ ಸುಲ್ತಾನರ ಹೆಸರುಗಳೂ ಇವೆ. ಮಿನಾರನ್ನು ದುರಸ್ತಿ ಮಾಡಿದ ಶಿಲ್ಪಿಗಳು ನಾಗರಿ ಲಿಪಿಯಲ್ಲಿ ಕೆತ್ತಿದ ಸಾಲುಗಳೂ ಇವೆ. ಕಟ್ಟಿಸಿದವರ ಜೊತೆ ಕಟ್ಟಿದವರೂ ಅಲ್ಲಿ ಮಾತನಾಡುತ್ತಾರೆ.

ಈ ಶ್ರಮದ ಫಲವೇ 1847ರಲ್ಲಿ ಉರ್ದುವಿನಲ್ಲಿ ಪ್ರಕಟವಾದ 'ಆಸಾರುಸ್ಸನಾದೀದ್'. ಛಾಯಾಚಿತ್ರ ಕಲೆ ಆಗಿನ್ನೂ ಶೈಶವದಲ್ಲಿತ್ತು. ಆದ್ದರಿಂದ ಫೈಜ್ ಅಲಿ ಖಾನ್, ಮಿರ್ಜಾ ಶಾರುಖ್ ಬೇಗ್ ಎಂಬ ಕಲಾವಿದರಿಂದ ಕಟ್ಟಡಗಳ ಚಿತ್ರ ಬರೆಯಿಸಿದರು. 1854ರಲ್ಲಿ ಪರಿಷ್ಕೃತ ಆವೃತ್ತಿ ಹೊರಬಂತು. 1864ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿ ಅವರಿಗೆ ಗೌರವ ಸದಸ್ಯತ್ವ ನೀಡಿತು.

ಅಷ್ಟರಲ್ಲಿ 1857 ಬಂದುಹೋಗಿತ್ತು. ಸಹಬಾಯಿಯವರು ಬ್ರಿಟಿಷರ ಗುಂಡಿಗೆ ಬಲಿಯಾದರು. ಕೆಂಪುಕೋಟೆಯ ಸುತ್ತಲಿನ ಎಷ್ಟೋ ಕಟ್ಟಡಗಳು ನೆಲಸಮವಾದವು. 1858ರಲ್ಲಿ ಫೆಲಿಸ್ ಬಿಯಾಟೊ ಕ್ಯಾಮೆರಾ ಹಿಡಿದು ದೆಹಲಿಗೆ ಬಂದಾಗ ಅವನಿಗೆ ಕಂಡದ್ದು ಗಾಯಗೊಂಡ ನಗರ. ಷಹಜಹಾನನ ಕಾಲದ ಅಕ್ಬರಾಬಾದಿ ಮಸೀದಿ ಹೇಗಿತ್ತೆಂದು ತಿಳಿಯಲು ಇಂದಿಗೂ ಸರ್ ಸೈಯದರ ಪುಟಗಳನ್ನೇ ತೆರೆಯಬೇಕು.

ಕಲ್ಲಿನಲ್ಲಿದ್ದದ್ದು ಅಳಿಯಿತು, ಕಾಗದದಲ್ಲಿದ್ದದ್ದು ಉಳಿಯಿತು. ಅದೇ ವ್ಯಕ್ತಿ 1875ರಲ್ಲಿ ಅಲೀಗಢದಲ್ಲಿ ಮದ್ರಸಾ ತೆರೆದರು. ಅದು ಕಾಲೇಜಾಗಿ, 1920ರಲ್ಲಿ ವಿಶ್ವವಿದ್ಯಾಲಯವಾಯಿತು. ಆ ವೈಭವವನ್ನು ನೋಡಲು ಅವರಿರಲಿಲ್ಲ. 1898ರ ಮಾರ್ಚ್ 27ರಂದೇ ಅವರು ಅಲ್ಲಾಹನ ಕರೆಗೆ ಓಗೊಟ್ಟಿದ್ದರು.

ವಿದ್ಯಾರ್ಥಿ ಮಿತ್ರರೇ, ನಿಮ್ಮೂರಿನ ಹಳೆಯ ಮಸೀದಿಯ ನವೀಕರಣ ನಡೆಯುವಾಗ ಶಾಸನದ ಮೇಲೆ ಬಣ್ಣ ಬೀಳುವ ಮುನ್ನ ಒಮ್ಮೆ ಅಲ್ಲಿಗೆ ಹೋಗಿ. ಅದರ ಫೋಟೋ ತೆಗೆಯಿರಿ, ಅಕ್ಷರಗಳನ್ನು ಬರೆದುಕೊಳ್ಳಿ, ಹಿರಿಯರನ್ನು ಕೇಳಿ ಕೆಲಸಗಾರರ ಹೆಸರು ಗುರುತುಮಾಡಿ. ಬುಟ್ಟಿಯಲ್ಲಿ ತೂಗಾಡುವ ಕಷ್ಟ ನಿಮಗಿಲ್ಲ. ಕ್ಯಾಮೆರಾ ನಿಮ್ಮ ಜೇಬಿನಲ್ಲೇ ಇದೆ.