ರೋಜರ್ ವಿಲಿಯಮ್ಸ್ ಮತ್ತು ಅಂತಃಸಾಕ್ಷಿಯ ಸ್ವಾತಂತ್ರ್ಯ

ಸ್ವಮತದಲ್ಲಿ ಶ್ರದ್ಧೆ ಸಡಿಲವಾದವರೇ ಪರಮತಗಳನ್ನು ಸಹಿಸಬಲ್ಲರೆಂಬ ಭಾವನೆ ಸಾಮಾನ್ಯವಾಗಿದೆ. ಚರ್ಚು ಮತ್ತು ಪ್ರಭುತ್ವಗಳು ಬೇರೆಬೇರೆಯಾಗಿರಬೇಕೆಂದು ಹದಿನೇಳನೆಯ ಶತಮಾನದಲ್ಲಿಯೇ ವಾದಿಸಿ, ಆ ತತ್ತ್ವದ ಮೇಲೆ ಒಂದು ವಸಾಹತನ್ನೇ ಕಟ್ಟಿದ ರೋಜರ್ ವಿಲಿಯಮ್ಸನ ಜೀವನ ಈ ಭಾವನೆಯನ್ನು ಅಲ್ಲಗಳೆಯುತ್ತದೆ. ಆತನು ತನ್ನ ಕಾಲದ ಅತ್ಯಂತ ನಿಷ್ಠುರ ಕ್ರೈಸ್ತ ಶ್ರದ್ಧಾಳುಗಳಲ್ಲಿ ಒಬ್ಬನಾಗಿದ್ದನು.

ಸುಮಾರು 1603ರಲ್ಲಿ ಲಂಡನ್ನಿನ ವರ್ತಕ ಕುಟುಂಬವೊಂದರಲ್ಲಿ ಹುಟ್ಟಿದ ವಿಲಿಯಮ್ಸನಿಗೆ ಬಾಲ್ಯದಲ್ಲಿಯೇ ಪ್ರಖ್ಯಾತ ನ್ಯಾಯವೇತ್ತ ಸರ್ ಎಡ್ವರ್ಡ್ ಕೋಕನ ಆಶ್ರಯ ದೊರೆಯಿತು. 1627ರಲ್ಲಿ ಕೇಂಬ್ರಿಜ್ಜಿನ ಪದವಿ ಪಡೆದು ಆತನು ಪಾದ್ರಿಯಾದನು. ಆಗ ಇಂಗ್ಲೆಂಡಿನಲ್ಲಿ ರಾಜನೇ ಚರ್ಚಿನ ಒಡೆಯ. ಆ ಚರ್ಚಿನ ವಿಧಿಗಳನ್ನು ಒಪ್ಪದ ಪ್ಯೂರಿಟನ್ನರು ಬಿಷಪ್ಪರ ಕಿರುಕುಳಕ್ಕೆ ಗುರಿಯಾಗಿದ್ದರು. ಅವರಲ್ಲಿ ಅನೇಕರಂತೆ ವಿಲಿಯಮ್ಸನೂ ಪತ್ನಿ ಮೇರಿಯೊಡನೆ ಹಡಗು ಹತ್ತಿ, 1631ರ ಫೆಬ್ರುವರಿಯಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಲುಪಿದನು.

ಅಲ್ಲಿ ಆತನು ಕಂಡದ್ದು ಬೇರೆಯೇ ಚಿತ್ರ. ಪೀಡನೆಯಿಂದ ಓಡಿಬಂದವರು ತಾವೇ ಪೀಡಕರಾಗಿದ್ದರು. ಚರ್ಚಿನ ಸದಸ್ಯರಿಗೆ ಮಾತ್ರ ಮತಾಧಿಕಾರವಿತ್ತು. ಪಾಷಂಡಿಗಳೆನಿಸಿದವರನ್ನು ಆಡಳಿತವೇ ದಂಡಿಸುತ್ತಿತ್ತು. ವಿಲಿಯಮ್ಸ್ ಇದನ್ನು ಪ್ರಶ್ನಿಸಿದನು. ದಶಾಜ್ಞೆಗಳ ಮೊದಲ ಭಾಗ ದೇವರಿಗೂ ಮನುಷ್ಯನಿಗೂ ಸಂಬಂಧಿಸಿದ್ದು, ಅದರ ಉಲ್ಲಂಘನೆಯನ್ನು ದಂಡಿಸುವ ಹಕ್ಕು ಅಧಿಕಾರಿಗಳಿಗಿಲ್ಲವೆಂಬುದು ಆತನ ನಿಲುವು. ಮೂಲನಿವಾಸಿಗಳ ನೆಲವನ್ನು ದಾನ ಮಾಡಲು ಇಂಗ್ಲೆಂಡಿನ ರಾಜನಿಗೆ ಅಧಿಕಾರವೆಲ್ಲಿಯದೆಂದೂ ಆತನು ಕೇಳಿದನು. 1635ರ ಅಕ್ಟೋಬರಿನಲ್ಲಿ ನ್ಯಾಯಾಲಯ ಆತನಿಗೆ ಗಡೀಪಾರಿನ ಶಿಕ್ಷೆ ವಿಧಿಸಿತು. ಬಂಧಿಸಿ ಇಂಗ್ಲೆಂಡಿಗೆ ಕಳುಹಿಸುವ ಸಿದ್ಧತೆ ನಡೆದಾಗ, 1636ರ ಜನವರಿಯ ಹಿಮದಲ್ಲಿ ಆತನು ಕಾಡಿಗೆ ಹೊರಟುಹೋದನು. ಸ್ವಮತೀಯರು ಹೊರಗಟ್ಟಿದವನಿಗೆ ಆ ಚಳಿಗಾಲ ಆಸರೆಯಾದವರು ಕ್ರೈಸ್ತರಲ್ಲದ ಮೂಲನಿವಾಸಿಗಳು.

ಅದೇ ವರ್ಷ ನ್ಯಾರಗಾನ್‌ಸೆಟ್ ಜನರ ನಾಯಕರಿಂದ ನೆಲ ಪಡೆದು ಆತನು ಊರೊಂದನ್ನು ಕಟ್ಟಿದನು. ದೈವಾನುಗ್ರಹದ ಸ್ಮರಣೆಗಾಗಿ ಅದಕ್ಕೆ ಪ್ರಾವಿಡೆನ್ಸ್ ಎಂದು ಹೆಸರಿಟ್ಟನು. ಊರಿನವರು ಬಹುಮತಕ್ಕೆ ಬದ್ಧರಾಗಬೇಕಾದದ್ದು ಲೌಕಿಕ ವಿಷಯಗಳಲ್ಲಿ ಮಾತ್ರವೆಂಬ ಒಪ್ಪಂದವಾಯಿತು. ಇದರ ಮೊದಲ ಪರೀಕ್ಷೆ 1638ರಲ್ಲಿ ಬಂದಿತು. ಜೋಶುವಾ ವೆರಿನ್ ಎಂಬವನು ತನ್ನ ಹೆಂಡತಿ ವಿಲಿಯಮ್ಸನ ಪ್ರಾರ್ಥನಾಸಭೆಗೆ ಹೋಗದಂತೆ ತಡೆದನು. ಗಂಡನಿಗೆ ಹೆಂಡತಿಯ ಮೇಲಿನ ಅಧಿಕಾರ ಪ್ರಶ್ನಾತೀತವಾಗಿದ್ದ ಆ ಕಾಲದಲ್ಲಿ, ಆಕೆಯ ಅಂತಃಸಾಕ್ಷಿಗೆ ಅಡ್ಡಿಮಾಡಿದ್ದಕ್ಕಾಗಿ ಊರು ಅವನ ಮತಾಧಿಕಾರವನ್ನು ಕಿತ್ತುಕೊಂಡಿತು.

ನೆರೆಯ ವಸಾಹತುಗಳ ಕಬಳಿಕೆಯಿಂದ ಊರನ್ನುಳಿಸಲು ಲಂಡನ್ನಿಗೆ ಹೋಗಿ, 1644ರಲ್ಲಿ ಆತನು ಸನ್ನದು ಪಡೆದನು. ಅದೇ ವರ್ಷ ಮತಪೀಡನೆಯನ್ನು ಖಂಡಿಸುವ ಆತನ ಪ್ರಸಿದ್ಧ ಗ್ರಂಥ ಪ್ರಕಟವಾಯಿತು. ಪಾರ್ಲಿಮೆಂಟಿನ ಕಾಮನ್ಸ್ ಸಭೆ ಅದನ್ನು ಸುಡಲು ಆಜ್ಞೆಮಾಡಿತು. ಬಲವಂತದ ಪೂಜೆ ಕಪಟಿಗಳನ್ನು ಹುಟ್ಟಿಸೀತೇ ಹೊರತು ಭಕ್ತರನ್ನಲ್ಲ ಎಂಬುದು ಆತನ ವಾದದ ತಿರುಳು. ಚರ್ಚನ್ನು ಉದ್ಯಾನಕ್ಕೂ ಲೋಕವನ್ನು ಕಾಡಿಗೂ ಹೋಲಿಸಿ, ನಡುವಣ ಬೇಲಿ ಮುರಿದರೆ ಕೆಡುವುದು ಉದ್ಯಾನವೇ ಎಂದು ಆತನು ಎಚ್ಚರಿಸಿದ್ದನು. 1655ರ ಪತ್ರವೊಂದರಲ್ಲಿ ರಾಜ್ಯವನ್ನು ಹಡಗಿಗೆ ಹೋಲಿಸಿದನು. ಕ್ಯಾಥೊಲಿಕ್, ಪ್ರಾಟೆಸ್ಟಂಟ್, ಯೆಹೂದಿ, ಮುಸಲ್ಮಾನ ಪ್ರಯಾಣಿಕರೆಲ್ಲ ತಮ್ಮ ತಮ್ಮ ಪ್ರಾರ್ಥನೆಗೆ ಸ್ವತಂತ್ರರು. ಹಡಗಿನ ಶಿಸ್ತು, ಸುರಕ್ಷೆ ಮಾತ್ರ ಕಪ್ತಾನನ ಹೊಣೆ.

ಕ್ವೇಕರರ ವಿಷಯದಲ್ಲಿ ಈ ತತ್ತ್ವ ನಿಜವಾದ ಒರೆಗೆ ಸಿಕ್ಕಿತು. 1659ರಿಂದ 1661ರವರೆಗೆ ಬಾಸ್ಟನ್ ನಾಲ್ವರು ಕ್ವೇಕರರನ್ನು ಗಲ್ಲಿಗೇರಿಸಿತು. ರೋಡ್ ಐಲೆಂಡ್ ಮಾತ್ರ ನೆರೆಯವರ ಒತ್ತಾಯಕ್ಕೆ ಮಣಿಯದೆ ಅವರಿಗೆ ನೆಲೆ ನೀಡಿತು. ವಿಲಿಯಮ್ಸನಿಗೆ ಅವರ ಬೋಧೆ ಸಂಪೂರ್ಣ ತಪ್ಪೆನಿಸಿತ್ತು. 1672ರಲ್ಲಿ, ಎಪ್ಪತ್ತರ ಅಂಚಿನಲ್ಲಿದ್ದ ಆತನು ದಿನವಿಡೀ ತಾನೇ ಹುಟ್ಟುಹಾಕುತ್ತ ದೋಣಿ ನಡೆಸಿ ನ್ಯೂಪೋರ್ಟಿಗೆ ಹೋಗಿ, ಮೂರು ದಿನ ಅವರೊಡನೆ ಕಟುವಾಗಿ ವಾದಿಸಿದನು. ಆದರೆ ಅವರ ವಿರುದ್ಧ ಕಾನೂನಿನ ದಂಡವನ್ನು ಎತ್ತಲಿಲ್ಲ.

ಆತನ ಬದುಕಿನಲ್ಲಿ ಕಲೆಗಳಿಲ್ಲವೆನ್ನುವಂತಿಲ್ಲ. 1676ರ ಯುದ್ಧದಲ್ಲಿ ಮೂಲನಿವಾಸಿಗಳು ಪ್ರಾವಿಡೆನ್ಸನ್ನು ಸುಟ್ಟರು. ಆತನ ಮನೆಯೂ ಉರಿಯಿತು. ಅನಂತರ ಸೆರೆಸಿಕ್ಕ ಮೂಲನಿವಾಸಿಗಳನ್ನು ಜೀತಕ್ಕೆ ಮಾರುವ ವ್ಯವಸ್ಥೆಯಲ್ಲಿ ಆತನೂ ಪಾಲುಗೊಂಡನು. ಒಮ್ಮೆ ಆಶ್ರಯವಿತ್ತ ಜನರ ವಿಷಯದಲ್ಲಿ ನಡೆದ ಈ ಅನ್ಯಾಯವನ್ನು ಆತನ ಚರಿತ್ರೆ ಮರೆಮಾಚಲಾರದು.

1683ರಲ್ಲಿ ಆತನು ನಿಧನನಾದನು. 1663ರ ರಾಜಸನ್ನದು ಧಾರ್ಮಿಕ ಸ್ವಾತಂತ್ರ್ಯವನ್ನು ಖಾತರಿಗೊಳಿಸಿದ್ದರೂ ಮುಂದಿನ ತಲೆಮಾರು ಅದನ್ನು ಪೂರ್ಣವಾಗಿ ಪಾಲಿಸಲಿಲ್ಲ. 1762ರಲ್ಲಿ ಅದೇ ವಸಾಹತಿನ ನ್ಯಾಯಾಲಯ ಯೆಹೂದಿ ವರ್ತಕ ಆರನ್ ಲೋಪೆಜನಿಗೆ ಪೌರತ್ವ ನಿರಾಕರಿಸಿತು. 1791ರಲ್ಲಿ ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ, ರಾಷ್ಟ್ರೀಯ ಶಾಸನಸಭೆ ಯಾವ ಮತವನ್ನೂ ಅಧಿಕೃತಗೊಳಿಸಕೂಡದೆಂದು ವಿಧಿಸಿತು. ಗಡೀಪಾರಿನ ಆಜ್ಞೆಯನ್ನು ಮ್ಯಾಸಚೂಸೆಟ್ಸ್ ಹಿಂತೆಗೆದುಕೊಂಡದ್ದು 1936ರಲ್ಲಿ, ಮುನ್ನೂರು ವರ್ಷಗಳ ತರುವಾಯ. ತನಗೆ ತಪ್ಪೆಂದು ತೋರಿದ ಮತವನ್ನು ಮಾತಿನಿಂದಲೇ ಎದುರಿಸಬೇಕು, ಅಧಿಕಾರದಿಂದಲ್ಲ ಎಂಬ ಆತನ ನಿಲುವು ಅಲ್ಪಸಂಖ್ಯಾತರ ರಕ್ಷಣೆಗೆ ಇಂದಿಗೂ ಅಡಿಗಲ್ಲಾಗಿದೆ.