ಕೈಗೆ ಬಂದು ತಪ್ಪಿದ ಲೋಹ ಎಂಟು ವರ್ಷದ ನಂತರ ಸಿಕ್ಕಿತು: ಕ್ರೋಮಿಯಂ ಕಂಡುಹಿಡಿದ ವೋಕ್ಲಾಂ

ಅಡುಗೆಮನೆಯ ಸ್ಟೀಲ್ ಪಾತ್ರೆ ತುಕ್ಕು ಹಿಡಿಯದಂತೆ ಕಾಯುವ ಲೋಹ ಕ್ರೋಮಿಯಂ. ಅದನ್ನು ಕಂಡುಹಿಡಿದವರು ಫ್ರಾನ್ಸಿನ ಲೂಯಿ ನಿಕೊಲಾ ವೋಕ್ಲಾಂ. ಆದರೆ ಮೊದಲ ಸಲ ಕೈಗೆ ಬಂದಾಗ ಅದು ಅವರಿಗೆ ಗುರುತೇ ಸಿಕ್ಕಿರಲಿಲ್ಲ.

1763ರ ಮೇ 16ರಂದು ನಾರ್ಮಂಡಿಯ ಹಳ್ಳಿಯೊಂದರ ಬಡ ರೈತ ಕುಟುಂಬದಲ್ಲಿ ಜನಿಸಿದ ವೋಕ್ಲಾಂ, ಹದಿಹರೆಯದಲ್ಲೇ ಔಷಧದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ನಂತರ ಪ್ಯಾರಿಸ್‌ಗೆ ಬಂದ ಅವರನ್ನು ಪ್ರಸಿದ್ಧ ರಸಾಯನ ವಿಜ್ಞಾನಿ ಫೂರ್ಕ್ರುವಾ ಸಹಾಯಕನನ್ನಾಗಿ ಇಟ್ಟುಕೊಂಡರು.

ರಷ್ಯಾದ ಉರಲ್ ಪರ್ವತದ ಚಿನ್ನದ ಗಣಿಯಲ್ಲಿ ಕೆಂಪು ಬಣ್ಣದ ಅಪರೂಪದ ಖನಿಜವೊಂದು ಸಿಗುತ್ತಿತ್ತು. 1789ರಲ್ಲಿ ಮಕಾರ್ ಎಂಬುವರ ಜೊತೆ ಅದನ್ನು ಪರೀಕ್ಷಿಸಿದ ವೋಕ್ಲಾಂ, ಸೀಸ, ಕಬ್ಬಿಣ ಮುಂತಾದವು ಇವೆ ಎಂದು ವರದಿ ಕೊಟ್ಟರು. ಹೊಸ ಲೋಹದ ಸುಳಿವೇ ಅದರಲ್ಲಿರಲಿಲ್ಲ.

ತಮ್ಮದೇ ವರದಿಯನ್ನು ಅವರು ಅಲ್ಲಿಗೆ ಬಿಡಲಿಲ್ಲ. 1797ರಲ್ಲಿ ಅದೇ ಖನಿಜವನ್ನು ಪುಡಿ ಮಾಡಿ ಪೊಟ್ಯಾಸಿಯಂ ಕಾರ್ಬೊನೇಟ್ ಜೊತೆ ಕುದಿಸಿದರು. ಸೀಸ ತಳಕ್ಕಿಳಿಯಿತು, ಮೇಲೆ ಹಳದಿ ದ್ರಾವಣ ಉಳಿಯಿತು. ಅದಕ್ಕೆ ಪಾದರಸದ ಲವಣ ಹಾಕಿದರೆ ಕೆಂಪು, ಸೀಸದ ಲವಣ ಹಾಕಿದರೆ ಹಳದಿ! ಗೊತ್ತಿದ್ದ ಯಾವ ಲೋಹವೂ ಹೀಗೆ ಬಣ್ಣ ಬದಲಿಸುತ್ತಿರಲಿಲ್ಲ. ಖನಿಜದಿಂದ ಅವರು ಬೇರ್ಪಡಿಸಿದ್ದು ಕ್ರೋಮಿಕ್ ಆಮ್ಲ. ಕ್ರೋಮ್ ಪ್ಲೇಟಿಂಗ್ ಘಟಕಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಇದು ಚರ್ಮ ಸುಡುತ್ತದೆ, ಕ್ಯಾನ್ಸರ್ ತರಬಲ್ಲದು. ಕೈಗವಸಿಲ್ಲದೆ ಮುಟ್ಟುವಂತಿಲ್ಲ.

ಮರುವರ್ಷ ಅದರ ಆಕ್ಸೈಡನ್ನು ಇದ್ದಿಲಿನ ಜೊತೆ ಮೂಸೆಯಲ್ಲಿ ಕಾಯಿಸಿದಾಗ ಬೂದು ಬಣ್ಣದ, ಸೂಜಿಯಂಥ ಲೋಹದ ಹರಳುಗಳು ಸಿಕ್ಕವು. ಗ್ರೀಕ್ ಭಾಷೆಯಲ್ಲಿ ‘ಕ್ರೋಮಾ’ ಎಂದರೆ ಬಣ್ಣ. ಹೆಸರು ಅಲ್ಲಿಂದಲೇ ಬಂತು. ಪಚ್ಚೆಯ ಹಸಿರಿಗೆ ಕ್ರೋಮಿಯಂ ಕಾರಣ ಎಂದು ತೋರಿಸಿದವರೂ ಅವರೇ. ಅದೇ ಪಚ್ಚೆಯ ವಿಶ್ಲೇಷಣೆ 1798ರಲ್ಲಿ ಅವರನ್ನು ಬೆರಿಲಿಯಂ ಶೋಧಕ್ಕೂ ಒಯ್ದಿತು.

1809ರಲ್ಲಿ ಫೂರ್ಕ್ರುವಾ ತೀರಿಕೊಂಡಾಗ ವೈದ್ಯಕೀಯ ಕಾಲೇಜಿನಲ್ಲಿ ಅವರ ಸ್ಥಾನ ವೋಕ್ಲಾಂಗೆ ಬಂತು. ಗುರುವಿನ ಅಕ್ಕತಂಗಿಯರನ್ನು ಕೊನೆಯವರೆಗೂ ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು; ಸ್ವತಃ ಮದುವೆಯಾಗಲಿಲ್ಲ. ಸರ್ಕಾರ ಆ ಕಾಲೇಜನ್ನು 1822ರಲ್ಲಿ ಮುಚ್ಚಿ ಮತ್ತೆ ತೆರೆದಾಗ, ರಾಜಕೀಯ ಕಾರಣಕ್ಕೆ ಹುದ್ದೆ ಕಳೆದುಕೊಂಡವರಲ್ಲಿ ಅವರೂ ಒಬ್ಬರು. ಆದರೆ 1828ರಲ್ಲಿ ಸ್ವಂತ ಜಿಲ್ಲೆಯ ಜನ ಅವರನ್ನು ಸಂಸತ್ತಿಗೆ ಆರಿಸಿ ಕಳಿಸಿದರು. ಮರುವರ್ಷ ನವೆಂಬರ್ 14ರಂದು ವೋಕ್ಲಾಂ ಹುಟ್ಟೂರಿನಲ್ಲೇ ನಿಧನರಾದರು.