ಖುಕ್ರಿಯ ಕಪ್ತಾನ

ದೀವ್‌ನ ಕಡಲತೀರದಲ್ಲಿರುವ ಖುಕ್ರಿ ಸ್ಮಾರಕವನ್ನು ನೆನೆದಾಗಲೆಲ್ಲ ನನ್ನಲ್ಲಿ ಹೆಮ್ಮೆಯ ಜೊತೆಗೆ ಒಂದು ಅಸಮಾಧಾನವೂ ಏಳುತ್ತದೆ. 1926ರಲ್ಲಿ ಗೋರಖ್‌ಪುರದಲ್ಲಿ ಜನಿಸಿ, 1948ರಲ್ಲಿ ನೌಕಾಪಡೆಯ ಅಧಿಕಾರಿಯಾದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರ ಬದುಕನ್ನು ನಾವು ಅದರ ಕೊನೆಯ ಕೆಲವು ನಿಮಿಷಗಳಿಗೇ ಇಳಿಸಿಬಿಟ್ಟಿದ್ದೇವೆ.

ಆ ನಿಮಿಷಗಳೇನೋ ಅಸಾಮಾನ್ಯವಾದವೇ. 1971ರ ಡಿಸೆಂಬರ್ 9ರ ರಾತ್ರಿ ಪಾಕಿಸ್ತಾನದ ಜಲಾಂತರ್ಗಾಮಿ ಹ್ಯಾಂಗೊರ್ ಹಾರಿಸಿದ ಟಾರ್ಪಿಡೊ ಖುಕ್ರಿಯ ಒಡಲನ್ನು ಸೀಳಿತು. ಹಡಗು ಮುಳುಗತೊಡಗಿದಾಗ ಮುಲ್ಲಾ ತಮ್ಮ ಜೀವರಕ್ಷಕ ಅಂಗಿಯನ್ನು ನಾವಿಕನೊಬ್ಬನಿಗೆ ಕೊಟ್ಟರು. ಕೈಗೆ ಸಿಕ್ಕವರನ್ನೆಲ್ಲ ನೀರಿಗಿಳಿಸಿದರು. ತಾವು ಮಾತ್ರ ಹಡಗನ್ನು ಬಿಡಲಿಲ್ಲ. ಅವರೂ ಸೇರಿದಂತೆ 18 ಅಧಿಕಾರಿಗಳು, 176 ನಾವಿಕರು ಮಡಿದರು. ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು.

ಆದರೆ ಪ್ರಶ್ನೆ ಉಳಿದೇ ಇದೆ. ಖುಕ್ರಿಯ ಹಳೆಯ ಸೋನಾರ್‌ಗೆ ನಿಲುಕದಷ್ಟು ದೂರದಿಂದಲೇ ಹ್ಯಾಂಗೊರ್ ಅದನ್ನು ಗುರುತಿಸಬಲ್ಲದಾಗಿತ್ತು. ಅಂಥ ಹಡಗನ್ನು ಅಂಥ ಬೇಟೆಗೆ ಅಟ್ಟಿದ್ದು ಯಾವ ವಿವೇಕ? ಸೋನಾರ್‌ನ ವ್ಯಾಪ್ತಿ ಹೆಚ್ಚಿಸುವ ಉಪಕರಣವೊಂದರ ಪ್ರಯೋಗಕ್ಕೆಂದು ಖುಕ್ರಿ ವೇಗ ತಗ್ಗಿಸಿಕೊಂಡು ಸಾಗುತ್ತಿತ್ತು. ಶತ್ರುವಿಗೆ ಸುಲಭದ ಗುರಿಯಾಯಿತು. ದಳದ ನಾಯಕರು ಮುಲ್ಲಾ ಅವರೇ ಆಗಿದ್ದರಿಂದ ಆ ಹೊಣೆಯಲ್ಲಿ ಅವರಿಗೂ ಪಾಲುಂಟು. ಹೀಗೆನ್ನುವುದು ಹುತಾತ್ಮರಿಗೆ ತೋರುವ ಅಗೌರವವೆಂದು ಕೆಲವರು ಮುನಿಯಬಹುದು. ನನಗೆ ಹಾಗನ್ನಿಸದು. ತಪ್ಪೇ ಮಾಡದ ಮೂರ್ತಿಗಿಂತ, ತನ್ನ ನಿರ್ಧಾರದ ಫಲವನ್ನು ತಾನೇ ನಿಂತು ಎದುರಿಸಿದ ಮನುಷ್ಯ ನನಗೆ ದೊಡ್ಡವನು.

ಜೊತೆಗಿದ್ದ ಕಿರ್ಪಾಣ್ ನೌಕೆ ತನ್ನತ್ತ ಬಂದ ಟಾರ್ಪಿಡೊದಿಂದ ತಪ್ಪಿಸಿಕೊಂಡು ದೂರ ಸರಿಯಿತು. ನೀರಿನಲ್ಲಿದ್ದವರು ರಾತ್ರಿಯೆಲ್ಲ ಕಾದರು. ಮರುದಿನ ಕಚ್ಛಲ್ ನೌಕೆ ಬಂದು ಮೇಲೆತ್ತಿಕೊಂಡಾಗ ಬದುಕುಳಿದಿದ್ದವರು 67 ಮಂದಿ.